‘ಬರ್ತೇನ್ರಿ’ಗೆ ಹಸಿರು ಗುರುತು

ಮೊದಲ ಶನಿವಾರವೇ ನನ್ನ ಹಳದಿ ಚೀಟಿಗಳು ಕೈಕೊಟ್ಟವು. ಬಾಗಲಕೋಟೆ ವಿದ್ಯಾಗಿರಿಯ ನಮ್ಮ ಕಾಲೇಜಿನ ಆ ಕೋಣೆಗೆ ಸುಣ್ಣ ಹೊಡೆದು ಒಂದು ವಾರವೂ ಆಗಿರಲಿಲ್ಲ. ಗೋಡೆಗೆ ಅಂಟಿಸಿ ಈ ಕಡೆ ತಿರುಗುವಷ್ಟರಲ್ಲಿ ಒಂದೊಂದೇ ಚೀಟಿ ನೆಲಕ್ಕೆ ಇಳಿಯುತ್ತಿತ್ತು. ಡಿಸೈನ್ ಥಿಂಕಿಂಗ್ ಎಂದರೆ ಮೊದಲು ಬಳಸುವವರ ಕಷ್ಟ ತಿಳಿಯುವುದು ಎಂದು ನಾನು ಗಂಟಲು ಸರಿಮಾಡಿಕೊಂಡು ವಿವರಿಸುತ್ತಿದ್ದಾಗ, ‘ಬಳಸುವವರ ಕಷ್ಟ’ ಎಂದು ಬರೆದಿದ್ದ ಚೀಟಿ ನನ್ನ ಬೂಟಿನ ಅಡಿಗೆ ಅಂಟಿಕೊಂಡಿತ್ತು. ಎಲ್ಲರಿಗೂ ಅದು ಕಾಣುತ್ತಿತ್ತು, ನನಗೊಬ್ಬನಿಗೇ ಕಾಣುತ್ತಿರಲಿಲ್ಲ.

ಹಿಂದಿನ ಬೆಂಚಿನಿಂದ ಐವತ್ತು ದಾಟಿದ ಒಬ್ಬರು ಎದ್ದು ಬಂದರು. ಕಣ್ಣಿನ ಆಸ್ಪತ್ರೆಯಲ್ಲಿ ವಾರ್ಡ್ ಸಹಾಯಕರು. ಕಿಸೆಯಿಂದ ಬಿಳಿ ಪಟ್ಟಿಯ ಉರುಳೆ ತೆಗೆದು, ಚೀಟಿಗಳನ್ನೆಲ್ಲ ಆರಿಸಿ ಗೋಡೆಗೆ ಹಚ್ಚಿದರು.

“ಕಣ್ಣಿಗೆ ಹಚ್ಚೂ ಪಟ್ಟಿರಿ ಸರ್ ಇದು. ಒಮ್ಮೆ ಹಚ್ಚಿದ್ರ ನೀವು ಬ್ಯಾಡಂದ್ರೂ ಬಿಡಂಗಿಲ್ಲ,” ಎಂದರು. ಆಮೇಲೆ ದನಿ ತಗ್ಗಿಸಿ, “ನಮ್ಮನ್ಯಾಕಿ ಡಿಜಾಯಿನ್ ಕ್ಲಾಸ್ ಅಂದ್ರ ಜಂಪರ ಹೊಲಿಯೂ ಡಿಜಾಯಿನ್ ಅಂತ ತಿಳದಾಳ್ರಿ. ನಾಕೈದು ಕಲತ ಬಾ ಅಂತ ಕಳಿಸ್ಯಾಳ,” ಎಂದರು. ಕ್ಲಾಸು ನಕ್ಕಿತು. ನಾನು ನಗಲಿಲ್ಲ. ನನಗೆ ಆಗ ಸಿಟ್ಟು ಬಂದಿತ್ತು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಏರ್ಪಾಡು ಹೀಗಿತ್ತು. ಬಾಗಲಕೋಟೆಯಲ್ಲಿ ಒಂದು ಕಣ್ಣಿನ ಆಸ್ಪತ್ರೆ. ಬಾದಾಮಿ, ಹುನಗುಂದ, ಇಳಕಲ್‌ಗಳಲ್ಲಿ ಅದರ ಶಾಖೆಗಳು. ಹುಬ್ಬಳ್ಳಿಯ ಒಂದು ಸಾಫ್ಟ್‌ವೇರ್ ಕಂಪನಿ ಈ ನಾಲ್ಕೂ ಕಡೆ ಮಾತಾಡುವ ಎಐ ಯಂತ್ರವನ್ನು ಕೂರಿಸಿತ್ತು. ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಹೊರಟವರನ್ನು ಬಾಗಿಲ ಬಳಿ ನಿಲ್ಲಿಸಿ, ಮುಂದಿನ ತಪಾಸಣೆಗೆ ಬರುತ್ತೀರಾ ಎಂದು ಕೇಳುವುದು ಅದರ ಕೆಲಸ. ಬರುತ್ತೇನೆ ಎಂದರೆ ಹೆಸರಿನ ಮುಂದೆ ಹಸಿರು ಗುರುತು. ಉತ್ತರ ತಿಳಿಯದಿದ್ದರೆ ಹಳದಿ. ಹಳದಿಯವರಿಗೆ ಮಾತ್ರ ಆಸ್ಪತ್ರೆಯಿಂದ ಫೋನು ಹೋಗುತ್ತಿತ್ತು. ಯಂತ್ರ ಬಂದ ಮೇಲೆ ಕೆಲಸದಲ್ಲಿ ಏಳುವ ತೊಡಕುಗಳನ್ನು ನೌಕರರೇ ಕಂಡುಹಿಡಿದು ಬಿಡಿಸಲು ಕಲಿಯಲಿ ಎಂದು ಕಾಲೇಜು, ಕಂಪನಿ, ಆಸ್ಪತ್ರೆ ಮೂರೂ ಸೇರಿ ಎಂಟು ಶನಿವಾರಗಳ ಈ ತರಗತಿಯನ್ನು ನಡೆಸಿದವು. ಕಲಿಸುವವನು ನಾನು.

ಇನ್ನೊಂದು ಮಾತು. ಆ ಯಂತ್ರ ಆಡುತ್ತಿದ್ದ ಕನ್ನಡವನ್ನು ಬರೆದುಕೊಟ್ಟವನೂ ನಾನೇ. ನಾನು ಹುಟ್ಟಿ ಬೆಳೆದದ್ದು ಇಲ್ಲೇ ಹತ್ತಿರದ ಕೆರೂರಿನಲ್ಲಿ. ಆದರೆ ಇಪ್ಪತ್ತು ವರ್ಷ ಪಾಠ ಮಾಡಿ ನನ್ನ ಕನ್ನಡಕ್ಕೆ ಇಸ್ತ್ರಿ ಬಿದ್ದಿತ್ತು, ಅದರ ಬಗ್ಗೆ ಒಂದಿಷ್ಟು ಜಂಬವೂ ಇತ್ತು. “ನಮಸ್ಕಾರ. ತಮ್ಮ ಮರುತಪಾಸಣೆಯ ದಿನ ಮುಂದಿನ ಶುಕ್ರವಾರ. ತಾವು ಆಗಮಿಸುವಿರಾ?” ಎಂದು ಬರೆದಿದ್ದೆ. ಕೊನೆಗೆ, “ಧನ್ಯವಾದಗಳು. ಮತ್ತೆ ಬನ್ನಿ.” ಆಸ್ಪತ್ರೆಯವರು ಯಂತ್ರಕ್ಕೆ ‘ಸಾಲಿ ಅಕ್ಕೋರು’, ಅಂದರೆ ಶಾಲೆಯ ಟೀಚರಮ್ಮ, ಎಂದು ಹೆಸರಿಟ್ಟಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ. ಊರಿನ ಭಾಷೆಗೂ ಜಾಗ ಇರಲಿ ಎಂದು, ಯಂತ್ರವು ‘ಹೌದು’ ಎಂದು ಎಣಿಸಬೇಕಾದ ಮಾತುಗಳ ಪಟ್ಟಿಯಲ್ಲಿ ‘ಬರ್ತೇನಿ’, ‘ಬರ್ತೇನ್ರಿ’ ಎರಡನ್ನೂ ಸೇರಿಸಿದ್ದೆ. ಹಿರಿಯರು ತಡವಾಗಿ ಉತ್ತರಿಸುತ್ತಾರೆಂದು, ಯಂತ್ರದ ಮಾತು ಮುಗಿದ ಮೇಲೂ ಹತ್ತು ಸೆಕೆಂಡು ಅದರ ಕಿವಿ ತೆರೆದಿರಲಿ ಎಂದು ಹಟ ಹಿಡಿದವನೂ ನಾನೇ.

ತರಗತಿಗೆ ಕೊಟ್ಟ ಸಮಸ್ಯೆ ಒಂದೇ ಸಾಲಿನದು: ಹಸಿರು ಬರುತ್ತದೆ, ಜನ ಬರುವುದಿಲ್ಲ. ಪಟ್ಟಿಯಲ್ಲಿ ಒಪ್ಪಿಗೆ ಇದ್ದವರು ಶುಕ್ರವಾರ ಕಾಣುತ್ತಿರಲಿಲ್ಲ. “ನಮ್ಮ ಜನ ಹೂಂ ಅಂದು ಮರೆತುಬಿಡುತ್ತಾರೆ. ಅದೇ ಮೂಲ,” ಎಂದು ನಾನು ಹಲಗೆಯ ಮೇಲೆ ಬರೆದೆ.

ಮುಂದಿನ ಬೆಂಚಿನಲ್ಲಿದ್ದ ಹೆಂಗಸು ಕೈ ಎತ್ತಿದರು. ಹನ್ನೊಂದು ವರ್ಷದಿಂದ ನಾಲ್ಕೂ ಊರಿನ ರೋಗಿಗಳಿಗೆ ಫೋನು ಮಾಡುತ್ತಿದ್ದವರು. ಎಲ್ಲರೂ ಅವರನ್ನು ಫೋನಕ್ಕ ಎನ್ನುತ್ತಿದ್ದರು.

“ಅಳಸ್ರಿ ಸರ್ ಅದನ್ನ,” ಎಂದರು. “ನಮ್ಮ ಮಂದಿ ಬರ್ತೇನಿ ಅಂದ್ರ ಬರ್ತಾರ್ರಿ.”

ನಾನು ಅಳಿಸಲಿಲ್ಲ. ಆದರೆ ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಅಷ್ಟಕ್ಕೇ ಆಕೆ ಆ ದಿನ ನನ್ನನ್ನು ಬಿಟ್ಟರು.

ಎರಡನೆಯ ವಾರ ಎಲ್ಲರನ್ನೂ ಬಾದಾಮಿ ಶಾಖೆಗೆ ಕರೆದುಕೊಂಡು ಹೋದೆ. ಕೆಲಸ ಸರಳ: ಯಂತ್ರದಿಂದ ನಾಲ್ಕು ಮಾರು ದೂರ ಕುಳಿತು, ಬಾಯಿ ಮುಚ್ಚಿಕೊಂಡು ನೋಡುವುದು, ಕಂಡದ್ದನ್ನು ಕಂಡಂತೆ ಬರೆಯುವುದು. ಬಾಯಿ ಮುಚ್ಚಿಕೊಳ್ಳುವುದು ವಾರ್ಡ್ ಸಹಾಯಕರಿಗೆ ಕಷ್ಟವಾಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದ ಪ್ರತಿಯೊಬ್ಬರೂ ಅವರಿಗೆ ಬೀಗರೋ, ಬೀಗರ ಕಡೆಯವರೋ ಆಗಿರುತ್ತಿದ್ದರು. ಒಬ್ಬ ಅಜ್ಜ ಯಂತ್ರದ ಮುಂದೆ ಚಪ್ಪಲಿ ಬಿಟ್ಟು ನಿಂತರು. ಇನ್ನೊಬ್ಬರು ‘ಆಗಮಿಸುವಿರಾ’ ಎಂಬ ಪ್ರಶ್ನೆಗೆ ತಮ್ಮ ಹೆಸರು, ಊರು, ತಂದೆಯ ಹೆಸರು ಹೇಳಿದರು. ಎಲ್ಲವನ್ನೂ ಬರೆದುಕೊಂಡೆವು.

ಮರುವಾರ ಹುನಗುಂದದಲ್ಲಿ ಗದ್ದಲವಾಯಿತು. ಯಂತ್ರ ಎಂದಿನಂತೆ ಇಂಪಾಗಿ “ಮತ್ತೆ ಬನ್ನಿ” ಎಂದಿತು. ಎದುರಿಗಿದ್ದ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ದವಾಖಾನಿಗೆ ಮತ್ತ ಬಾ ಅಂತೈತಲ್ಲ ಇದು! ಇನ್ನೊಂದ ಕಣ್ಣೂ ಹೋಗ್ಲಿ ಅಂತೈತೇನು? ಇದರ ಬಾಯಾಗ ಮಣ್ಣ ಹಾಕ!”

ಫೋನಕ್ಕ ಓಡಿಹೋಗಿ ಆಕೆಯ ಕೈ ಹಿಡಿದು ಸಮಾಧಾನ ಮಾಡಿದರು. ನನಗೆ ನಾಚಿಕೆಯೂ ಆಯಿತು, ಒಳಗೊಳಗೇ ಖುಷಿಯೂ ಆಯಿತು. ಕಾರಣ ಸಿಕ್ಕಿತಲ್ಲ! ಆಸ್ಪತ್ರೆಯಿಂದ ಹೊರಟವರಿಗೆ ಮತ್ತೆ ಬನ್ನಿ ಎನ್ನಬಾರದು ಎಂದು ಕೆರೂರಿನ ನನ್ನ ಅವ್ವ ಸಾವಿರ ಸಲ ಹೇಳಿದ್ದಳು. ಅವಮಾನವಾದವರು ಮತ್ತೆ ಯಾಕೆ ಬರುತ್ತಾರೆ? ತರಗತಿಯಲ್ಲಿ ಎಲ್ಲರೂ ಸೇರಿ ಹೊಸ ಬೀಳ್ಕೊಡುಗೆ ಹುಡುಕಿದೆವು. ವಾರ್ಡ್ ಸಹಾಯಕರು ಹೇಳಿದ್ದು ಗೆದ್ದಿತು: “ಆರಾಮ ಇರ್ರಿ, ಹುಷಾರಿಂದ ಹೋಗ್ರಿ.” ಕಂಪನಿಯ ಪರವಾಗಿ ನಮ್ಮ ಜೊತೆಗಿದ್ದ ಎಂಜಿನಿಯರ್, ಚುರುಕಾದ ಹೆಣ್ಣುಮಗಳು, ಅಂದೇ ನಾಲ್ಕೂ ಯಂತ್ರಗಳಲ್ಲಿ ಸಾಲು ಬದಲಿಸಿದರು.

ಎರಡು ವಾರದಲ್ಲಿ ಹಸಿರು ತುಂಬಿತು. ಹಳದಿ ಕಾಣದಂತಾಯಿತು. ಎಂಜಿನಿಯರ್ ಪಟ್ಟಿ ತೋರಿಸಿದಾಗ ನಾನು ಮೇಜು ತಟ್ಟಿದೆ. ಕೊನೆಯ ಶನಿವಾರ ಕಾಲೇಜಿನ ಮತ್ತು ಕಂಪನಿಯ ಹಿರಿಯರ ಮುಂದೆ ಇದನ್ನೇ ತೋರಿಸುವುದು, ಮುಂದಿನ ವರ್ಷಕ್ಕೂ ಏರ್ಪಾಡು ಮುಂದುವರಿಸುವುದು ಎಂದು ಮಾತಾಯಿತು. ನಾನು ಮನೆಯಲ್ಲಿ ಕನ್ನಡಿಯ ಮುಂದೆ ಭಾಷಣ ಅಭ್ಯಾಸ ಮಾಡಿದೆ.

ಐದನೆಯ ಶನಿವಾರ ಫೋನಕ್ಕ ಬೇಗ ಬಂದಿದ್ದರು. ಕೈಯಲ್ಲಿ ಹಳೆಯ ಉದ್ದನೆಯ ನೋಟುಬುಕ್ಕು.

“ಸರ್, ನನಗ ಫೋನ್ ಮಾಡಾಕ ಹೆಸರ ಉಳದಿಲ್ರಿ. ಬೆಂಚಿನ ಮ್ಯಾಲ ಕುಂದರಾಕ ಮಂದಿನೂ ಉಳದಿಲ್ಲ.”

“ಅಂದರೆ?”

“ಹಸಿರು ಹೆಚ್ಚಾದಂಗ ಬರಾವ್ರು ಕಡಿಮಿ ಆಗ್ಯಾರ. ಇಕೀನ್ನ ನೋಡ್ರಿ.” ಬೆರಳು ಒಂದು ಹೆಸರಿನ ಮೇಲೆ ನಿಂತಿತು. ಇಳಕಲ್ಲಿನ ಒಬ್ಬ ನೇಕಾರ ಹೆಂಗಸು. ಬಾಗಲಕೋಟೆಯಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡು ಹೋದವಳು. “ಆಪರೇಶನ್ನಿಗೆ ಮದಲ ನನಗ ಮೂರ ಸಲ ಫೋನ್ ಮಾಡ್ಯಾಳ್ರಿ. ಎಷ್ಟ ದಿನಕ್ಕ ಮಗ್ಗದ ಹಾಸು ಕೂಡಸ್ಲಿ, ಎಷ್ಟ ದಿನಕ್ಕ ಕೂಡಸ್ಲಿ ಅಂತ. ಅಂಥಾಕಿ ತಪಾಸಣಿ ತಪ್ಪಸಂಗಿಲ್ಲ. ಆಪರೇಶನ್ ಆಗಿ ಎರಡ ವಾರ ಆತು. ನಿನ್ನೆ ನಾನ ಫೋನ್ ಹಚ್ಚೇನಿ, ಹತ್ತವಲ್ದು.”

ನಾನು ಆ ದಿನದ ಪಾಠ ಬಿಟ್ಟೆ. ಫೋನಕ್ಕ, ವಾರ್ಡ್ ಸಹಾಯಕರು, ನಾನು ಆಸ್ಪತ್ರೆಯ ವ್ಯಾನಿನಲ್ಲಿ ಇಳಕಲ್ಲಿಗೆ ಹೊರಟೆವು. ನಿಜ ಹೇಳಬೇಕೆಂದರೆ ನನಗಾಗಿದ್ದು ಕಾಳಜಿಗಿಂತ ಕಿರಿಕಿರಿ. ನನ್ನ ಚೆಂದದ ಹಸಿರು ಪಟ್ಟಿಗೆ ಈಕೆ ಅಡ್ಡ ಬಂದಳಲ್ಲ ಎಂಬ ಕಿರಿಕಿರಿ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಒಳಗೆ ನೆಲದ ಗುಂಡಿಯಲ್ಲಿ ಕಾಲಿಟ್ಟು ನೇಯುವ ಕುಣಿಮಗ್ಗ. ಅದರ ಮುಂದೆ ಅರವತ್ತರ ಹತ್ತಿರದ ಹೆಂಗಸು, ಆಸ್ಪತ್ರೆ ಕೊಟ್ಟ ಕಪ್ಪು ಕನ್ನಡಕವನ್ನು ಹಣೆಗೇರಿಸಿಕೊಂಡು, ಬಲಗಣ್ಣು ಮುಚ್ಚಿ ಎಡಗಣ್ಣು ಕಿರಿದು ಮಾಡಿ ಕುಳಿತಿದ್ದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಬೇಕು. ಬೆರಳು ಜಾರದಂತೆ ಪಕ್ಕದ ಬಟ್ಟಲಲ್ಲಿ ಬೂದಿ. ಒಂದು ಎಳೆ ಕೂಡಿಸುವುದು, ಮುಂಗೈಯಿಂದ ಕಣ್ಣು ಒರೆಸಿಕೊಳ್ಳುವುದು, ಮತ್ತೆ ಬೂದಿ ಮುಟ್ಟುವುದು. ನೋಡಿ ಫೋನಕ್ಕ ಬಾಗಿಲಲ್ಲೇ “ಅಯ್ಯ ಯವ್ವಾ!” ಎಂದು ಹಣೆ ಹಣೆ ಬಡಿದುಕೊಂಡರು.

ಆಕೆ ದನಿಯಿಂದಲೇ ಗುರುತು ಹಿಡಿದಳು. “ಫೋನಕ್ಕ? ಯವ್ವಾ, ಬಂದೇನ! ಬರ್ರಿ, ಕುಂದರ್ರಿ. ನಿನ್ನ ಫೋನಿನ ಹಾದಿನ ನೋಡಾಕತ್ತಿದ್ದೆ. ಮಗಳ ಫೋನ್ ಕೆಟ್ಟೈತಿ, ಅದಕ ಬರವಲ್ದೇನೋ ಅನಕೊಂಡಿದ್ದೆ.”

“ಫೋನ್ ಯಾಕ ಕಾಯ್ತಿದ್ದಿಯವ್ವ? ತಪಾಸಣಿಗೆ ಬರಬೇಕಿತ್ತಲ್ಲ?”

“ಯಾವಾಗ ಬರಬೇಕಂತ ನೀ ಹೇಳಿದ್ರಲ್ಲ ನಾ ಬರೂದು? ನಮ್ಮ ನೆಗೆಣ್ಣಿ ಕಣ್ಣಿನ ಆಪರೇಶನ್ ಆದಾಗ ಆಕಿಗೆ ನೀನ ಫೋನ್ ಮಾಡಿ ಕರಸಿದ್ದಿ.”

ದಿನಾಂಕ ಆಕೆಯ ಚೀಟಿಯಲ್ಲಿ ಬರೆದೇ ಇತ್ತು. ಓದಬೇಕಾದ ಕಣ್ಣಿಗೆ ಪಟ್ಟಿ ಇತ್ತು. ಮೊದಲಾದರೆ ನರ್ಸ್ ಬಾಯಿಬಿಟ್ಟು ಹೇಳುತ್ತಿದ್ದರು. ಈಗ ಆ ಕೆಲಸ ಯಂತ್ರದ್ದು. ನಾನು ಮೆತ್ತಗೆ ಕೇಳಿದೆ, “ಬಾಗಿಲಲ್ಲಿ ಯಂತ್ರ ನಿಮಗೆ ಶುಕ್ರವಾರ ಅಂತ ಹೇಳಿತಲ್ಲ? ನೀವು ಬರ್ತೇನಿ ಅಂದಿದ್ದೀರಿ. ನಮ್ಮಲ್ಲಿ ದಾಖಲಾಗಿದೆ.”

“ಆ ಸಾಲಿ ಅಕ್ಕೋರ? ಏನೋ ಮಂತ್ರ ಅಂದಂಗ ಅಂದಳ್ರಿ, ಒಂದೂ ತಿಳೀಲಿಲ್ಲ. ಕಡೀಕ ಮಾತ್ರ ಚಲೋ ಅಂದಳು, ಆರಾಮ ಇರ್ರಿ, ಹುಷಾರಿಂದ ಹೋಗ್ರಿ ಅಂತ. ಅಷ್ಟ ಪ್ರೀತಿಲೆ ಅಂದಾಕಿಗೆ ಸುಮ್ಮ ಹೆಂಗ ಬರೂದು? ಆತವಾ, ಬರ್ತೇನಿ ಅಂದೆ.”

“ಬರ್ತೇನಿ ಅಂದರೆ...”

“ಮತ್ತೇನ ಅನಬೇಕ್ರಿ? ಹೊಂಡೂ ಮುಂದ ಹೋಗ್ತೇನಿ ಅಂತಾರೇನು?”

ವಾರ್ಡ್ ಸಹಾಯಕರು ಕೆಮ್ಮಿದರು. ಫೋನಕ್ಕ ನನ್ನ ಮುಖ ನೋಡಲಿಲ್ಲ, ಅದು ಅವರ ದೊಡ್ಡತನ. ಕೆರೂರಿನವನು ನಾನು. ಮನೆಯಿಂದ ಹೊರಡುವಾಗ ಒಂದು ದಿನವೂ ‘ಹೋಗ್ತೇನಿ’ ಎಂದವನಲ್ಲ. ಬಾಯಿ ತಪ್ಪಿ ಅಂದರೆ ಅವ್ವ ವಾಪಸು ಕರೆದು, ಕೂರಿಸಿ, ನೀರು ಕುಡಿಸಿ, ‘ಬರ್ತೇನಿ’ ಅನ್ನಿಸಿ ಕಳಿಸುತ್ತಿದ್ದಳು. ಜನ ಯಂತ್ರಕ್ಕೆ ವಿದಾಯ ಹೇಳುತ್ತಿದ್ದರು. ನಾನು ಹಟ ಮಾಡಿ ತೆರೆದಿಟ್ಟ ಆ ಹತ್ತು ಸೆಕೆಂಡಿನ ಕಿವಿ ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳುತ್ತಿತ್ತು. ಮೊದಲು ‘ಮತ್ತೆ ಬನ್ನಿ’ ಕೇಳಿ ಸಿಟ್ಟಾಗಿ ಮಾತಾಡದೆ ಹೋಗುತ್ತಿದ್ದವರು, ನಾವು ಪ್ರೀತಿಯಿಂದ ಬೀಳ್ಕೊಡಲು ಶುರು ಮಾಡಿದ ಮೇಲೆ ಪ್ರೀತಿಯಿಂದಲೇ ಬರ್ತೇನ್ರಿ ಎನ್ನತೊಡಗಿದ್ದರು. ಹಸಿರು ಬಿದ್ದ ಕೂಡಲೇ ಫೋನಕ್ಕನ ಪಟ್ಟಿಯಿಂದ ಅವರ ಹೆಸರು ಮಾಯ.

“ಕಣ್ಣ ಹೆಂಗೈತಿ?” ಎಂದು ಸಹಾಯಕರು ಕೇಳಿದರು.

“ನೀರ ಸುರೀತೈತಿ. ಬೆಳಕ ನೋಡಿದ್ರ ಚುಚ್ಚತೈತಿ. ಮದಲ ಎರಡ ದಿನ ಎಳಿ ಎಣಸಾಕ ಬರ್ತಿತ್ರಿ, ಈಗ ಎಲ್ಲಾ ಕೂಡಿ ಒಂದ ಕಾಣತೈತಿ.” ಆಮೇಲೆ, ಮೊದಲ ಸಲ ಅಳುಕಿನ ದನಿಯಲ್ಲಿ, “ಈ ಕಣ್ಣ ಹೋದ್ರ ನಾ ಮಗ್ಗದ ಮುಂದ ಕುಂತು ಏನ ಮಾಡ್ಲಿ?” ಎಂದಳು.

ಅರ್ಧ ಕೂಡಿಸಿದ ಹಾಸು ಬಿಟ್ಟು ಏಳಲು ಒಪ್ಪಲಿಲ್ಲ. ಎಳೆ ಸಡಿಲಾಗುತ್ತವಂತೆ. ವಾರ್ಡ್ ಸಹಾಯಕರು ಚಪ್ಪಲಿ ಬಿಟ್ಟು ಒಳಗೆ ಹೋದರು, ಕಿಸೆಯಿಂದ ಅದೇ ಬಿಳಿ ಪಟ್ಟಿ ತೆಗೆದು, ಕೂಡಿಸಿದ ಎಳೆಗಳ ತುದಿಗೆ ಉದ್ದಕ್ಕೂ ಹಚ್ಚಿದರು. “ನೀ ಬರೂಮಟ ಇದು ಬಿಡಂಗಿಲ್ಲ. ಏಳಬೇ ಇನ್ನ,” ಎಂದರು. ಆಕೆ ಪಟ್ಟಿಯನ್ನು ಮುಟ್ಟಿ ನೋಡಿ, ನಕ್ಕು, ಎದ್ದಳು.

ಇಳಕಲ್ ಶಾಖೆಯಲ್ಲಿ ಡಾಕ್ಟರು ಬಹಳ ಹೊತ್ತು ನೋಡಿದರು. ಕಣ್ಣಿನೊಳಗೆ ಉರಿಯೂತ, ಒತ್ತಡವೂ ಏರಿತ್ತು. ಗಂಟೆಗೊಮ್ಮೆ ಹನಿ, ಬೂದಿ ಮುಟ್ಟಕೂಡದು, ಎರಡು ದಿನಕ್ಕೊಮ್ಮೆ ತೋರಿಸಬೇಕು. ನನ್ನನ್ನು ಹೊರಗೆ ಕರೆದು, “ಉಳಸಬಹುದು ಅನಸ್ತೈತ್ರಿ. ಇನ್ನೊಂದ ವಾರ ಬಿಟ್ಟಿದ್ರ ನಾನೂ ಕೈ ಚೆಲ್ಲತಿದ್ದೆ,” ಎಂದರು. ವಾಪಸು ಬರುವಾಗ ವ್ಯಾನಿನಲ್ಲಿ ನನ್ನ ತಲೆಯಲ್ಲಿ ಒಂದೇ ಯೋಚನೆ: ಆ ಹಸಿರು ಪಟ್ಟಿಯಲ್ಲಿ ಇಂಥವರು ಇನ್ನೆಷ್ಟು ಮಂದಿ ಇದ್ದಾರೆ?

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಮುಖ್ಯಸ್ಥರ ಕೋಣೆಯಲ್ಲಿ ಕುಳಿತೆವು. ಎಂಜಿನಿಯರ್ ಹುಬ್ಬಳ್ಳಿಯಿಂದ ಬಂದಿದ್ದರು. ಯಂತ್ರ ತಪ್ಪು ಕೇಳಿಸಿಕೊಂಡಿಲ್ಲ, ಕೊಟ್ಟ ಪಟ್ಟಿಯಂತೆಯೇ ನಡೆದಿದೆ ಎಂದು ಅವರು ಹೇಳಿದ್ದು ಅಕ್ಷರಶಃ ನಿಜ. ಪಟ್ಟಿ ಯಾರದು ಎಂದು ಮುಖ್ಯಸ್ಥರು ಕೇಳಿದರು. ‘ತಂಡದ್ದು’ ಎನ್ನಬಹುದಿತ್ತು. ಆ ಪದ ನಾಲಿಗೆಯ ತುದಿಗೆ ಬಂದಿತ್ತು ಕೂಡ.

“ನನ್ನದು,” ಎಂದೆ. “ಪ್ರಶ್ನೆಯೂ ನನ್ನದು, ಕಿವಿ ತೆರೆದಿಡಿ ಎಂದದ್ದೂ ನಾನೇ. ಇವತ್ತೇ ಹಸಿರು ನಿಲ್ಲಿಸೋಣ. ಯಂತ್ರ ಬಂದ ದಿನದಿಂದ ಹಸಿರು ಬಿದ್ದು ಬಾರದವರಿಗೆಲ್ಲ ಫೋನು ಮಾಡೋಣ. ಉಳಿದ ತರಗತಿಗಳು ಅದಕ್ಕೇ ಇರಲಿ. ಹಿರಿಯರಿಗೆ ತೋರಿಸುವ ಕಾರ್ಯಕ್ರಮ ಬೇಡ.”

“ಏರ್ಪಾಡು ಮುಂದುವರಿಯದೆ ಇರಬಹುದು ಸರ್,” ಎಂದರು ಎಂಜಿನಿಯರ್, ಬೆದರಿಸುವಂತೆ ಅಲ್ಲ, ಮರುಗಿ. ಇರಬಹುದು ಎಂದೆ.

ಆರನೆಯ ಶನಿವಾರಕ್ಕೂ ಕಾಯಲಿಲ್ಲ. ಅಂದು ಮಧ್ಯಾಹ್ನವೇ ತರಗತಿಯ ಹನ್ನೆರಡೂ ಜನ, ಡ್ಯೂಟಿ ಇದ್ದವರು ಬಿಡುವಾದಾಗ, ಕಾಲೇಜಿನ ನಮ್ಮ ಕೋಣೆಗೆ ಬಂದು ಉದ್ದ ಮೇಜಿನ ಸುತ್ತ ಕುಳಿತು ಫೋನು ಹಚ್ಚಿದರು. ಹೇಗೆ ಕೇಳಬೇಕು ಎಂದು ಕಲಿಸಿದವರು ಫೋನಕ್ಕ. ನಾನು ವಿದ್ಯಾರ್ಥಿಗಳ ಜೊತೆ ಕುಳಿತೆ.

“ಬರ್ತೀರೇನು ಅಂತ ಯಾವತ್ತೂ ಕೇಳಬ್ಯಾಡ್ರಿ,” ಎಂದರು, ಆ ಹಳೆಯ ನೋಟುಬುಕ್ಕು ಬಿಚ್ಚಿ. “ಅದಕ್ಕ ಎಲ್ಲಾರೂ ಹೂಂ ಅಂತಾರ. ಯಾರ ಜೋಡಿ ಬರ್ತೀರಿ, ಯಾವ ಬಸ್ಸಿಗೆ ಬರ್ತೀರಿ ಅಂತ ಕೇಳ್ರಿ. ಅಳ್ಯಾನ ಜೋಡಿ, ಒಂಬತ್ತರ ಬಸ್ಸಿಗೆ ಅಂದ್ರ ಬಂದಂಗ. ನೋಡೂನು, ಆತು ಅಂದ್ರ ಮರುದಿನ ಮತ್ತ ಫೋನ್.” ನೋಟುಬುಕ್ಕಿನಲ್ಲಿ ಪ್ರತಿ ಹೆಸರಿನ ಮುಂದೆ ಬಸ್ಸಿನ ವೇಳೆ, ಜೊತೆಗೆ ಬರುವವರ ನೆಂಟಸ್ತನ. ಹನ್ನೊಂದು ವರ್ಷ ಆಕೆ ಮಾಡಿದ್ದನ್ನು ನಾನು ಐದು ವಾರದಿಂದ ಹಳದಿ ಚೀಟಿಗಳಲ್ಲಿ ಹುಡುಕುತ್ತಿದ್ದೆ. ಎದ್ದು ಹೋಗಿ, ಹಲಗೆಯ ಮೂಲೆಯಲ್ಲಿ ಇನ್ನೂ ಉಳಿದಿದ್ದ ‘ನಮ್ಮ ಜನ ಹೂಂ ಅಂದು ಮರೆತುಬಿಡುತ್ತಾರೆ’ ಎಂಬ ಸಾಲನ್ನು ಅಳಿಸಿದೆ. “ಈಗ ಆತು ನೋಡ್ರಿ,” ಎಂದರು ಫೋನಕ್ಕ.

ಬಹಳ ಜನ ಬಂದರು. ಹೆಚ್ಚಿನವರ ಕಣ್ಣು ಚೆನ್ನಾಗಿಯೇ ಇತ್ತು. ಕೆಲವರ ಫೋನು ಕೊನೆಗೂ ಹತ್ತಲಿಲ್ಲ, ಅವರ ಊರಿಗೆ ವ್ಯಾನು ಹೋಯಿತು. ಹುನಗುಂದದ ಕಡೆಯ ಒಬ್ಬರ ಕಣ್ಣು ಮಾತ್ರ ಮೊದಲಿನಂತಾಗಲಿಲ್ಲ. ಅವರ ಮನೆಗೆ ಹೋಗಿ ತಪ್ಪು ನನ್ನದು ಎಂದು ಹೇಳಿದೆ. ಅವರು ಚಹಾ ಕುಡಿಯದೆ ಏಳಗೊಡಲಿಲ್ಲ. ಆ ಚಹಾದ ಬಗ್ಗೆ ಹೆಚ್ಚು ಬರೆಯಲು ನನ್ನಿಂದಾಗುವುದಿಲ್ಲ.

ಎಂಜಿನಿಯರ್ ಎರಡು ದಿನ ಬಾಗಲಕೋಟೆಯಲ್ಲೇ ಉಳಿದು, ಫೋನಕ್ಕನ ಪಕ್ಕ ಕುಳಿತು, ನೋಟುಬುಕ್ಕನ್ನು ಪುಟಪುಟವಾಗಿ ಕೇಳಿ ತಿಳಿದುಕೊಂಡರು. ಈಗ ಯಂತ್ರ ಮಾತಾಡುವುದು ಫೋನಕ್ಕನ ದನಿಯಲ್ಲಿ: “ಶುಕ್ರವಾರ ಕಣ್ಣ ತೋರಸಾಕ ಯಾರ ಜೋಡಿ ಬರ್ತೀರಿ? ಯಾವ ಬಸ್ಸಿಗೆ?” ಜೊತೆಗಾರರೋ ಬಸ್ಸೋ ಉತ್ತರದಲ್ಲಿ ಬಂದರೆ ಮಾತ್ರ ಹಸಿರು. ಉತ್ತರ ಮುಗಿದ ತಕ್ಷಣ ಯಂತ್ರದ ಕಿವಿ ಮುಚ್ಚುತ್ತದೆ, ಆಮೇಲೆ ಬೀಳ್ಕೊಡುಗೆ. ಫೋನಕ್ಕನ ಪಟ್ಟಿ ಮತ್ತೆ ಉದ್ದವಾಯಿತು. ಕೆಲಸ ಹೆಚ್ಚಾಯಿತೆಂದು ಆಕೆ ಎಲ್ಲರೆದುರು ಗೊಣಗುತ್ತಿದ್ದರು, ಮುಖ ಮಾತ್ರ ಅರಳಿರುತ್ತಿತ್ತು. ಏರ್ಪಾಡು ಮುಂದುವರಿಯಿತೋ ಇಲ್ಲವೋ ಎಂಬ ಕಾಗದ ನಾನು ಇದನ್ನು ಬರೆಯುವವರೆಗೂ ಬಂದಿಲ್ಲ.

ನೇಕಾರ ಹೆಂಗಸನ್ನು ಕೊನೆಯ ಸಲ ಕಂಡದ್ದು ಇಳಕಲ್ ಶಾಖೆಯಲ್ಲಿ. ಒಳಗೆ ಡಾಕ್ಟರು ಅಕ್ಷರಗಳ ಹಲಗೆ ತೋರಿಸಿದರೆ, ಆಕೆ ತನ್ನ ಸೆರಗನ್ನೇ ಬಲಗಣ್ಣಿನ ಮುಂದೆ ಹಿಡಿದು ಕೊಂಡಿಗಳನ್ನು ಎಣಿಸಿ ತೋರಿಸಿದಳಂತೆ. ಎಣಿಕೆ ಸರಿಯಿತ್ತಂತೆ. ಹೊರಗೆ ಬಂದವಳು ಯಂತ್ರದ ಮುಂದೆ ನಿಂತಳು. ತಿಂಗಳ ನಂತರದ ತಪಾಸಣೆಗೆ ಯಾರ ಜೋಡಿ ಎಂದು ಅದು ಕೇಳಿತು. “ಮಗಳ ಜೋಡಿ, ನಡಕೊಂಡ,” ಎಂದಳು. ಹಸಿರು ಬಿತ್ತು. “ಆರಾಮ ಇರ್ರಿ, ಹುಷಾರಿಂದ ಹೋಗ್ರಿ,” ಎಂದಿತು ಯಂತ್ರ.

ಆಕೆ ಬಾಯಿ ತೆರೆದವಳು ತಟ್ಟನೆ ತಡೆದಳು. ಅದರ ಕಿವಿ ಈಗ ಮುಚ್ಚಿರುತ್ತದೆ, ಏನಂದರೂ ನಡೆಯುತ್ತದೆ ಎಂದು ಹೇಳೋಣವೆಂದು ನಾನು ಒಂದು ಹೆಜ್ಜೆ ಮುಂದೆ ಇಟ್ಟೆ. ಅಷ್ಟರಲ್ಲಿ ಆಕೆ ಯಂತ್ರದ ಕಡೆ ಬಗ್ಗಿ, ಹೊಸದಾಗಿ ಮಾತು ಕಲಿಯುತ್ತಿರುವವರಿಗೆ ಹೇಳುವಂತೆ ಬಿಡಿಬಿಡಿಯಾಗಿ ಹೇಳಿದಳು:

“ಹೋಗ್ತೇನವಾ. ತಿಳೀತಿಲ್ಲೋ? ಹೋ-ಗ್ತೇ-ನಿ.”

ನಿಲ್ಲದ ನಗುವಿನ ನಡುವೆ ವಾರ್ಡ್ ಸಹಾಯಕರು ಬಾಗಿಲು ತೆರೆದು ಹಿಡಿದರು. ಆಕೆ ಹೊಸ್ತಿಲ ಬಳಿ ನಿಂತು, ತಿರುಗಿ, ಕಪ್ಪು ಕನ್ನಡಕ ತೆಗೆದು ಎರಡೂ ಕಣ್ಣಿಂದ ನನ್ನನ್ನು ನೋಡಿದಳು.

“ನಿಮಗ ತಿಳೀತೈತಲ್ರಿ ಸರ್,” ಎಂದಳು. “ಬರ್ತೇನ್ರಿ.”